ಲಾಭ, ಎರಡು, ಮೂರು

ಶೂಲಗಿರಿ ದಾಟಿ ಎಡಕ್ಕೆ, ಕೋಸಿನ ಹೊಲವಿದ್ದ ಕಡೆ
ಈಗ ತಗಡಿನ ಗೋದಾಮು. ಹದಿನಾಲ್ಕು ಬಾಗಿಲು.
ಒಂಬತ್ತನೆಯದರಲ್ಲಿ ನಾನು, ಕೈಯಲ್ಲಿ ಸ್ಕ್ಯಾನರ್ ಗನ್ನು.
ಮುಂಚೆ ಬಾಗಲೂರಿನ ಗುಲಾಬಿ ಶೆಡ್ಡಿನಲ್ಲಿದ್ದೆ,
ಇಪ್ಪತ್ತು ಹೂವಿಗೊಂದು ಕಟ್ಟು, ಮುಳ್ಳಿಗೆ ಲೆಕ್ಕವಿಲ್ಲ.
ಇಲ್ಲಿ ಮುಳ್ಳಿಲ್ಲ. ಬಾಗಿಲ ಮೇಲೊಂದು ಪರದೆ:
ಗಂಟೆಗೆ ಎಂಟುನೂರು ಪೆಟ್ಟಿಗೆ ಇಳಿದರೆ ಹಸಿರು,
ಏಳುನೂರ ತೊಂಬತ್ತೊಂಬತ್ತಕ್ಕೇ ಕೆಂಪು.

ಭಿವಂಡಿಯ ಲಾರಿ ಬಂದು ಹಿಂದಕ್ಕೆ ಒರಗಿದಾಗ
ಸೀಲು ಕತ್ತರಿಸುವ ಮೊದಲು ತಿಮ್ಮರಾಯಪ್ಪ
ಕದವನ್ನು ತಟ್ಟಿ ಕಿವಿ ಕೊಡುತ್ತಿದ್ದ,
ಹಲಸಿನ ಹಣ್ಣು ಬಡಿದು ನೋಡುವವರ ಹಾಗೆ.
"ಒಳಗೆ ಜರುಗಿದೆ, ಪಕ್ಕಕ್ಕೆ ನಿಲ್ರೋ.
ಬ್ರೇಕು ಬಿದ್ದಾಗಲೆಲ್ಲ ಸರಕು ಮುನಿಸಿಕೊಂಡಿರ್ತದೆ,
ಬಾಗಿಲು ತೆಗೆದವನ ಮೇಲೆ ತೀರಿಸಿಕೊಳ್ತದೆ."
ಆಮೇಲೆ ಮೇಲಿನ ಸಾಲು ಮೊದಲು. ತಲೆಗಿಂತ ಎತ್ತರಕ್ಕೆ ಏಣಿ.
ಮಂಡಿ ಬಗ್ಗಲಿ, ಸೊಂಟ ಬೇಡ.
ಇಷ್ಟೂ ಗೋಡೆಯ ಮೇಲೆ ಮೂರು ಭಾಷೆಯಲ್ಲಿದೆ, ಚಿತ್ರದ ಸಮೇತ.
ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮಾತ್ರ
ಯಾವ ಭಾಷೆಯಲ್ಲೂ ಬರೆದಿಲ್ಲ.

ಅವನು ಎಣಿಸುತ್ತಿದ್ದ. ಒಂದು ಅನ್ನುತ್ತಿರಲಿಲ್ಲ.
ಲಾಭ. ಎರಡು. ಮೂರು.
ತಳಿಯ ಹತ್ತಿರದ ಕಣದಲ್ಲಿ ಅವನವ್ವ ರಾಗಿ ಅಳೆಯುವಾಗ
ಮೊದಲ ಸೇರಿಗೆ ಹಾಗೆ ಅನ್ನುತ್ತಿದ್ದಳಂತೆ.
ಒಂದು ಎಣಿಕೆಗೆ ಒಂದು ಉಸಿರು. ಉಸಿರು ತುಂಬದೆ
ಮುಂದಿನ ಪೆಟ್ಟಿಗೆಗೆ ಕೈ ಹಾಕುವಂತಿಲ್ಲ.
"ಎಂಗ ಊರ್ಲೂ ಲಾಬಮೇ!" ಅಂದ ಏಳುಮಲೈ.
ಅರರಿಯಾದ ಹುಡುಗ ದಿಲ್‌ಖುಶ್ ಸ್ವಲ್ಪ ಯೋಚಿಸಿ,
ತನ್ನಜ್ಜ ಗೋಧಿ ತೂಗುವಾಗ ಮೊದಲು ರಾಮ್, ಆಮೇಲೆ ದೋ ಅಂತಿದ್ದ ಅಂದ.
ಮೂವರಲ್ಲೂ ಒಂದು ಇಲ್ಲವೇ ಇಲ್ಲ ಅಂತ
ಆ ರಾತ್ರಿ ಚಹಾ ಚೆಲ್ಲುವಷ್ಟು ನಗು.

ದಸರಾ ಸೇಲಿನ ವಾರ ಎಂಟುನೂರು ಸಾವಿರವಾಯಿತು.
"ನೀನ್ಯಾಕೆ ಎಣಿಸ್ತೀಯ, ಗನ್ನು ಎಣಿಸ್ತದಲ್ಲ," ಅಂದ ಇನ್‌ಚಾರ್ಜು.
ತಿಮ್ಮರಾಯಪ್ಪ ಬಾಯಿ ಮುಚ್ಚಿದ.
ಎರಡು ಗಂಟೆ ಹತ್ತು ನಿಮಿಷ, ಮೂರನೇ ಲಾರಿ.
ಕದಕ್ಕೆ ಯಾರೂ ಕಿವಿ ಕೊಡಲಿಲ್ಲ.
ಬಿದ್ದದ್ದು ಚಿಕ್ಕ ಪೆಟ್ಟಿಗೆಯೇ. ಡಂಬೆಲ್ಲು.
ಯಾರೋ ಮನೆಯಲ್ಲೇ ತೋಳು ಬೆಳೆಸಲು ತರಿಸಿಕೊಂಡ
ಇಪ್ಪತ್ತು ಕಿಲೋ ಕಬ್ಬಿಣ.

ಬೆಲ್ಟು ಹನ್ನೊಂದು ನಿಮಿಷ ನಿಂತಿತು.
ಪರದೆ ಕಾರಣ ಕೇಳಿತು, ಆರಿಸಲು ನಾಲ್ಕು ಕೊಟ್ಟಿತು:
ಕರೆಂಟು, ಯಂತ್ರ, ಲಾರಿ ತಡ, ಇತರೆ.
ಇನ್‌ಚಾರ್ಜು ಯಾರ ಮುಖವನ್ನೂ ನೋಡದೆ
ಇತರೆ ಒತ್ತಿದ. ಅವನ ಕೈ ನಡುಗುತ್ತಿತ್ತು, ಸುಳ್ಳು ಹೇಳಬಾರದು.
ಅವನ ತಲೆಯ ಮೇಲೂ ಎಲ್ಲೋ ಒಂದು ಪರದೆ ಇದ್ದೀತು.

ಹೊಸೂರಿನ ಸರ್ಕಾರಿ ಆಸ್ಪತ್ರೆಗೆ ಭಾನುವಾರ ಹೋದೆ.
ಹೆಗಲಿಗೆ ಪಟ್ಟಿ, ಪಕ್ಕದಲ್ಲಿ ಸಿಪ್ಪೆ ಸುಲಿಯದ ಕಿತ್ತಳೆ.
"ಎಷ್ಟನೇದಮ್ಮ ಅದು?" ಅಂದ.
ನೀನು ಎಣಿಸ್ತಿರಲಿಲ್ಲಣ್ಣ, ಅಂದೆ.
ಗೋಡೆಯ ಕಡೆ ತಿರುಗಿಕೊಂಡ.
ಕಿತ್ತಳೆ ಸುಲಿದಿಟ್ಟು ಬಂದೆ.

ಈಗ ನನ್ನ ಗನ್ನು ಒಂದೊಂದು ಸಲ ಓದುವುದಿಲ್ಲ.
ಕೆಂಪು ಗೆರೆ ಪಟ್ಟಿಯ ಮೇಲೆ ಬೀಳುವ ಮುನ್ನ
ಮಣಿಕಟ್ಟು ಕೊಂಚ ವಾಲುತ್ತದೆ, ಹೆಚ್ಚಿಲ್ಲ,
ಮುಳ್ಳಿಂದ ಬೆರಳು ತಪ್ಪಿಸುತ್ತಿದ್ದಷ್ಟು.
ಮತ್ತೆ ಹಿಡಿಯುತ್ತೇನೆ. ಅಷ್ಟರಲ್ಲಿ
ಏಳುಮಲೈ ಏಣಿಯಿಂದ ಒಂದು ಮೆಟ್ಟಿಲು ಇಳಿದಿರುತ್ತಾನೆ,
ದಿಲ್‌ಖುಶ್‌ನ ಮಂಡಿ ನೆಟ್ಟಗಾಗಿರುತ್ತದೆ.
ಗನ್ನು ಕೆಟ್ಟಿದೆ, ಹೊಸದು ಕೊಡುತ್ತೇವೆ ಅಂದಿದ್ದಾರೆ.
ಕೊಡಲಿ. ಮಣಿಕಟ್ಟು ಹಳೆಯದೇ.

ಪರದೆ ಕೆಂಪಗಿದೆ.
ಲಾರಿಯ ಒಳಗತ್ತಲಿಂದ, ಅರರಿಯಾದ ನಾಲಿಗೆಯಲ್ಲಿ,
ತಪ್ಪುತಪ್ಪಾಗಿ, ನಿಧಾನವಾಗಿ:
ಲಾಬ್.
ಅವನು ಉಸಿರೆಳೆದುಕೊಳ್ಳುವುದು ಇಲ್ಲಿಗೆ ಕೇಳುತ್ತದೆ.